ಮಂಡಕಳ್ಳಿ ವಿಮಾನ ನಿಲ್ದಾಣ: ಮೈಸೂರು, ಮಂಡ್ಯದವರು ಪದೇ ಪದೇ ಕೇಳುವ ಪ್ರಶ್ನೆಗಳು

ವಿಮಾನ ನಿಲ್ದಾಣ ಎಲ್ಲಿದೆ? ಬಸ್ಸಿನಲ್ಲಿ ಹೋಗಬಹುದೇ?

ಮೈಸೂರು–ನಂಜನಗೂಡು ರಸ್ತೆಯಲ್ಲಿ, ನಗರದ ಮಧ್ಯದಿಂದ ಸುಮಾರು 10 ಕಿ.ಮೀ. ದಕ್ಷಿಣಕ್ಕೆ, ಮಂಡಕಳ್ಳಿಯಲ್ಲಿದೆ. ಈ ರಸ್ತೆಯೇ ರಾಷ್ಟ್ರೀಯ ಹೆದ್ದಾರಿ 766. ಟಿಕೆಟ್ ಹುಡುಕುವಾಗ ಕಾಣುವ ಮೂರಕ್ಷರದ ಸಂಕೇತ ಎಂವೈಕ್ಯೂ.

ಬಸ್ಸಿನಲ್ಲಿ ಧಾರಾಳವಾಗಿ ಹೋಗಬಹುದು. ಸಬರ್ಬನ್ ನಿಲ್ದಾಣದಿಂದ ನಂಜನಗೂಡು, ಗುಂಡ್ಲುಪೇಟೆ ಕಡೆಗೆ ಹೊರಡುವ ಬಸ್ಸುಗಳೆಲ್ಲ ಇದರ ಮುಂದೆಯೇ ಹಾದುಹೋಗುತ್ತವೆ. ಆದರೆ ತಡೆರಹಿತ ಬಸ್ಸುಗಳು ಇಲ್ಲಿ ನಿಲ್ಲಿಸುವುದಿಲ್ಲ, ಹತ್ತುವ ಮೊದಲೇ ಕಂಡಕ್ಟರನ್ನು ಕೇಳಿಕೊಳ್ಳಿ. ಸಾಮಾನ್ಯ ಬಸ್ಸಾದರೆ ರಾಜ್ಯದ ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಲ್ಲಿ ಟಿಕೆಟ್ ದುಡ್ಡೂ ಇಲ್ಲ. ಹೆದ್ದಾರಿ ಬದಿಯಲ್ಲಿ ಇಳಿದು ಒಳಗೆ ನಡೆಯಬೇಕಾಗುತ್ತದೆ, ಹಾಗಾಗಿ ಎರಡು ದೊಡ್ಡ ಸೂಟ್‌ಕೇಸ್ ಇದ್ದವರಿಗೆ ಆಟೋ ಅಥವಾ ಕ್ಯಾಬೇ ಸರಿ.

ಬಂದಿಳಿಯುವವರಿಗೆ ಒಂದು ಮಾತು. ದಿನಕ್ಕೆ ಬೆರಳೆಣಿಕೆಯ ವಿಮಾನ ಬರುವ ಜಾಗದಲ್ಲಿ ಕ್ಯಾಬ್‌ಗಳು ಸಾಲುಗಟ್ಟಿ ಕಾಯುತ್ತಿರುವುದಿಲ್ಲ. ವಿಮಾನ ಇಳಿದ ಮೇಲೆ ಆ್ಯಪ್ ತೆರೆದು ಕೂರುವ ಬದಲು ಹಿಂದಿನ ದಿನವೇ ಗಾಡಿಗೆ ಹೇಳಿಡಿ.

ಮಂಡ್ಯದಿಂದ ಹೊರಟರೆ ಮೈಸೂರು ಊರೊಳಗೆ ನುಗ್ಗಲೇಬೇಕೆ?

ಬೇಡ. ಮಂಡ್ಯದಿಂದ ಮೈಸೂರಿಗೆ 45 ಕಿ.ಮೀ. ಬೆಂಗಳೂರು ರಸ್ತೆ ಹೊರವರ್ತುಲ ರಸ್ತೆಯನ್ನು ಕೂಡುವಲ್ಲಿ ಎಡಕ್ಕೆ ತಿರುಗಿ, ತಿ. ನರಸೀಪುರ ರಸ್ತೆಯ ಜಂಕ್ಷನ್ ದಾಟಿ, ನಂಜನಗೂಡು ರಸ್ತೆಯ ಜಂಕ್ಷನ್‌ನಲ್ಲಿ ಮತ್ತೆ ಎಡಕ್ಕೆ ಹೋದರೆ ಆಯಿತು. ದೂರ ಸ್ವಲ್ಪ ಹೆಚ್ಚಾದರೂ ಅರಮನೆ ಸುತ್ತಿನ ಸಿಗ್ನಲ್‌ಗಳು ತಪ್ಪುತ್ತವೆ. ಬೈಕಿನಲ್ಲಿ ಬರುವವರು ಎಕ್ಸ್‌ಪ್ರೆಸ್‌ವೇ ಮುಖ್ಯ ಪಥಕ್ಕೆ ಹತ್ತಬೇಡಿ. 2023ರ ಆಗಸ್ಟ್ 1ರಿಂದ ಅಲ್ಲಿ ಬೈಕ್, ಆಟೋ, ಟ್ರ್ಯಾಕ್ಟರ್‌ಗೆ ಪ್ರವೇಶವಿಲ್ಲ. ಸರ್ವಿಸ್ ರಸ್ತೆ ಹಿಡಿಯಿರಿ, ಅದಕ್ಕೆ ತಕ್ಕಂತೆ ಸಮಯ ಕೊಟ್ಟುಕೊಳ್ಳಿ.

ಇಲ್ಲಿಗೆ ದೊಡ್ಡ ವಿಮಾನ ಏಕೆ ಬರುವುದಿಲ್ಲ?

ಮಂಡಕಳ್ಳಿಯ ಬಗ್ಗೆ ಜನ ಕೇಳುವ ಮುಕ್ಕಾಲು ಪಾಲು ಪ್ರಶ್ನೆಗಳಿಗೆ ಉತ್ತರ ಇದೊಂದರಲ್ಲೇ ಇದೆ. ರನ್‌ವೇ ಉದ್ದ 1,740 ಮೀಟರ್, ಅಗಲ 30 ಮೀಟರ್. ಏರ್‌ಬಸ್ 320, ಬೋಯಿಂಗ್ 737 ತರಗತಿಯ ಜೆಟ್‌ಗಳು ಓಡಾಡುವ ನಿಲ್ದಾಣಗಳಲ್ಲಿ ಸಾಮಾನ್ಯವಾಗಿ 45 ಮೀಟರ್ ಅಗಲ ಇರುತ್ತದೆ. ತುಂಬಿದ ಏರ್‌ಬಸ್ 320ಕ್ಕೆ ಸಮುದ್ರಮಟ್ಟದಲ್ಲೇ 2,000 ಮೀಟರ್‌ಗಿಂತ ಹೆಚ್ಚು ಓಟ ಬೇಕು.

ಮೈಸೂರು ಸಮುದ್ರಮಟ್ಟದಲ್ಲೂ ಇಲ್ಲ. 700 ಮೀಟರ್‌ಗಿಂತ ಎತ್ತರದಲ್ಲಿರುವ ಊರು ಇದು, ಇಲ್ಲಿ ಗಾಳಿ ತೆಳು. ಬಿಸಿಲೇರಿದರೆ ಇನ್ನೂ ತೆಳುವಾಗುತ್ತದೆ. ಗಾಳಿ ತೆಳುವಾದರೆ ರೆಕ್ಕೆಗೆ ಸಿಗುವ ಎತ್ತುವ ಬಲವೂ ಕಡಿಮೆ, ಎಂಜಿನ್ನಿನ ಶಕ್ತಿಯೂ ಕಡಿಮೆ, ನೆಲ ಬಿಡುವ ಮುನ್ನ ಓಡಬೇಕಾದ ದೂರ ಹೆಚ್ಚು. ರನ್‌ವೇ ವಿನ್ಯಾಸ ಮಾಡುವವರ ಲೆಕ್ಕ ಹೀಗಿದೆ: ಪ್ರತಿ 300 ಮೀಟರ್ ಎತ್ತರಕ್ಕೆ ಶೇ 7ರಷ್ಟು ಹೆಚ್ಚು ಉದ್ದ ಬೇಕು. ಆ ಎತ್ತರದ ಪ್ರಮಾಣಿತ ತಾಪಮಾನಕ್ಕಿಂತ ಏರಿದ ಪ್ರತಿ ಡಿಗ್ರಿಗೆ ಶೇ 1 ಬೇರೆ. ನಮ್ಮ ಎತ್ತರಕ್ಕೆ ಪ್ರಮಾಣಿತ ತಾಪಮಾನ 10 ಡಿಗ್ರಿಯ ಆಸುಪಾಸು. ಏಪ್ರಿಲ್ ಮಧ್ಯಾಹ್ನ 33 ಡಿಗ್ರಿ ಎಂದಿಟ್ಟುಕೊಂಡರೂ ಎತ್ತರಕ್ಕೆ ಶೇ 16, ಅದರ ಮೇಲೆ ಬಿಸಿಲಿಗೆ ಶೇ 23 ಹೆಚ್ಚು ಉದ್ದ ಬೇಕಾಯಿತು. ಅಂದರೆ ನಮ್ಮ 1,740 ಮೀಟರ್, ತಂಪಾದ ಕಡಲತೀರದ ಸುಮಾರು 1,200 ಮೀಟರ್ ರನ್‌ವೇಗೆ ಸಮ.

ಇಷ್ಟರಲ್ಲಿ ನಿಭಾಯಿಸುವುದು ಎಟಿಆರ್ 72 ಎಂಬ ಫ್ಯಾನ್ ಇರುವ ವಿಮಾನ, 70ರಿಂದ 78 ಸೀಟಿನದು. ಪೂರ್ತಿ ತೂಕ ಹೊತ್ತರೆ ಅದಕ್ಕೂ ಸಮುದ್ರಮಟ್ಟದಲ್ಲಿ ಸುಮಾರು 1,300 ಮೀಟರ್ ಬೇಕು. ಆದರೆ ಹತ್ತಿರದ ಊರಿಗೆ ಹೋಗುವಾಗ ಇಂಧನ ಕಡಿಮೆ ಸಾಕು, ತೂಕ ಇಳಿಯುತ್ತದೆ, ಲೆಕ್ಕ ಕೂಡಿಬರುತ್ತದೆ. ಹಾಗಿದ್ದೂ ಉರಿಬಿಸಿಲಿನ ದಿನ ತೂಕ ಕಡಿಮೆ ಮಾಡಲೇಬೇಕಾದ ಸಂದರ್ಭ ಬರಬಹುದು. ಆಗ ಒಂದೆರಡು ಲಗೇಜ್ ಹಿಂದೆ ಉಳಿಯುತ್ತದೆ, ಇಲ್ಲವೇ ಕೆಲವು ಸೀಟು ಮಾರದೆ ಖಾಲಿ ಬಿಡುತ್ತಾರೆ.

ರನ್‌ವೇಯನ್ನು 2,750 ಮೀಟರ್‌ಗೆ ಉದ್ದ ಮಾಡುವ ಪ್ರಸ್ತಾವ ಇದೆ. ತೊಡಕು ಇರುವುದು ಜಾಗದಲ್ಲಿ. ಪಕ್ಕದಲ್ಲೇ ನಂಜನಗೂಡು ಹೆದ್ದಾರಿ ಇದೆ, ಚಾಮರಾಜನಗರದ ರೈಲು ಹಳಿ ಇದೆ, ಜೊತೆಗೆ ರೈತರ ಜಮೀನು. ಹೆದ್ದಾರಿ, ಹಳಿ ಎರಡನ್ನೂ ರನ್‌ವೇ ಕೆಳಗೆ ಸುರಂಗದಲ್ಲಿ ಹಾಯಿಸಬೇಕೆಂಬ ಯೋಚನೆ ಬಹಳ ಸಲ ಚರ್ಚೆಗೆ ಬಂದಿರುವುದು ಇದಕ್ಕೇ.

ಯಾವ ಊರಿಗೆ ವಿಮಾನ ಇದೆ? ಇದ್ದ ವಿಮಾನ ಏಕೆ ನಿಂತುಹೋಗುತ್ತದೆ?

ಚೆನ್ನೈ ಮತ್ತು ಹೈದರಾಬಾದ್, ಇತ್ತೀಚಿನ ವರ್ಷಗಳಲ್ಲಿ ಹೆಚ್ಚು ಕಾಲ ನಡೆದುಕೊಂಡು ಬಂದಿರುವ ದಾರಿಗಳು. ಬೆಂಗಳೂರು, ಕೊಚ್ಚಿ, ಗೋವಾ ಬಂದು ಹೋದವು. ವೇಳಾಪಟ್ಟಿ ವರ್ಷಕ್ಕೆ ಎರಡು ಸಲ, ಮಾರ್ಚ್ ಕೊನೆಗೆ ಮತ್ತು ಅಕ್ಟೋಬರ್ ಕೊನೆಗೆ ಬದಲಾಗುತ್ತದೆ. ಆ ದಿನಾಂಕದ ಆಚೆಗೆ ಮದುವೆ, ಗೃಹಪ್ರವೇಶಕ್ಕೆಂದು ಟಿಕೆಟ್ ಮಾಡಿಸುವವರು ಹೊಸ ಪಟ್ಟಿ ಬಂದಿದೆಯೇ ನೋಡಿಕೊಂಡು ದುಡ್ಡು ಕಟ್ಟಿ.

ಈ ನಿಲ್ದಾಣ ಮೈಸೂರು ಸಂಸ್ಥಾನದ ಕಾಲದ್ದು, 1940ರದು. ಹೊಸ ರೂಪದಲ್ಲಿ ಉದ್ಘಾಟನೆಯಾದದ್ದು 2010ರ ಮೇ ತಿಂಗಳಲ್ಲಿ. ಆ ವರ್ಷ ಅಕ್ಟೋಬರ್ 1ರಂದು ಕಿಂಗ್‌ಫಿಷರ್ ಬೆಂಗಳೂರಿಗೆ ಹಾರಾಟ ಶುರು ಮಾಡಿತು, ಮರುವರ್ಷವೇ ನಿಂತಿತು. 2017ರಲ್ಲಿ ಉಡಾನ್ ಯೋಜನೆಯಡಿ ಟ್ರೂಜೆಟ್ ಚೆನ್ನೈಗೆ ಹಾರಿತು, 2019ರಲ್ಲಿ ಅಲಯನ್ಸ್ ಏರ್ ಬೆಂಗಳೂರು, ಹೈದರಾಬಾದ್, ಕೊಚ್ಚಿ, ಗೋವಾ ಸೇರಿಸಿತು. ಉಡಾನ್ ಯೋಜನೆಯಲ್ಲಿ ಅರ್ಧದಷ್ಟು ಸೀಟಿನ ದರಕ್ಕೆ ಸರಕಾರದ ಮಿತಿ ಇರುತ್ತದೆ, ಕಂಪನಿಗಾಗುವ ನಷ್ಟವನ್ನು ಸಹಾಯಧನ ತುಂಬಿಕೊಡುತ್ತದೆ. ಆ ಸಹಾಯಧನದ ಅವಧಿ 3 ವರ್ಷ. ಅದು ಮುಗಿದ ಮೇಲೆ 70 ಚಿಲ್ಲರೆ ಸೀಟು ಪೂರ್ತಿ ದರಕ್ಕೆ ತುಂಬಬೇಕು. ಬೆಂಗಳೂರು ದಾರಿಯಲ್ಲಂತೂ ವಿಮಾನ ಪೈಪೋಟಿ ನಡೆಸಬೇಕಾದದ್ದು ರೈಲು, ಎಕ್ಸ್‌ಪ್ರೆಸ್‌ವೇ ಎರಡರ ಜೊತೆಗೂ.

ಹೈದರಾಬಾದ್ ಮೇಲೆ ದೆಹಲಿಗೋ ದುಬೈಗೋ ಹೋಗಬೇಕು. ಎರಡು ಟಿಕೆಟ್ ಬೇರೆ ಬೇರೆ ತೆಗೆದರೆ ಅಗ್ಗ ಅಲ್ಲವೇ?

ಅಗ್ಗವೇನೋ ಹೌದು. ಆದರೆ ಎರಡನೆಯ ವಿಮಾನ ತಪ್ಪಿದರೆ ನಷ್ಟವೆಲ್ಲ ನಿಮ್ಮದೇ.

ಒಂದೇ ಪಿಎನ್‌ಆರ್‌ನಲ್ಲಿ ಇಡೀ ಪ್ರಯಾಣ ಇದ್ದರೆ ಮೈಸೂರಿನ ವಿಮಾನ ತಡವಾಗಿ ಮುಂದಿನದು ತಪ್ಪಿದಾಗ ಬೇರೆ ವಿಮಾನಕ್ಕೆ ಹತ್ತಿಸುವ ಹೊಣೆ ಕಂಪನಿಯದು. ಲಗೇಜಿಗೂ ಸಾಮಾನ್ಯವಾಗಿ ಕೊನೆಯ ಊರಿನ ಟ್ಯಾಗ್ ಬೀಳುತ್ತದೆ. ಬೇರೆ ಬೇರೆ ಪಿಎನ್‌ಆರ್ ಇದ್ದರೆ ಹೈದರಾಬಾದಿನಲ್ಲಿ ಲಗೇಜ್ ಬೆಲ್ಟಿನಿಂದ ಎತ್ತಿಕೊಂಡು, ಹೊರಗೆ ಬಂದು, ಮತ್ತೆ ಒಳಗೆ ಹೋಗಿ, ಎರಡನೆಯ ಕೌಂಟರ್ ಮುಚ್ಚುವ ಮೊದಲು ಒಪ್ಪಿಸಬೇಕು. ಹಾಗೆ ಮಾಡಲೇಬೇಕಾದರೆ ದೇಶದೊಳಗಿನ ಪ್ರಯಾಣಕ್ಕೆ ನಡುವೆ 4 ಗಂಟೆ, ವಿದೇಶಕ್ಕಾದರೆ 6 ಗಂಟೆಗೆ ಕಡಿಮೆ ಇಟ್ಟುಕೊಳ್ಳಬೇಡಿ. ವೀಸಾ ಸಂದರ್ಶನ, ಪರೀಕ್ಷೆಯಂತಹ ಕೆಲಸಕ್ಕೆ ಹೊರಟವರು ಹಿಂದಿನ ದಿನವೇ ಹೊರಡುವುದು ಕ್ಷೇಮ.

ಕೌಂಟರಿನಲ್ಲಿ ಟ್ಯಾಗ್ ಅಂಟಿಸಿದ ಕೂಡಲೇ ಅದರಲ್ಲಿರುವ ಮೂರಕ್ಷರ ಓದಿ. ಚೆನ್ನೈ ಎಂಎಎ, ಹೈದರಾಬಾದ್ ಎಚ್‌ವೈಡಿ, ದೆಹಲಿ ಡಿಇಎಲ್. ಕೊನೆಯ ಊರಿನ ಅಕ್ಷರ ಇಲ್ಲದಿದ್ದರೆ ಅಲ್ಲೇ ಕೇಳಿ. ಮಂಡಕಳ್ಳಿಯಿಂದ ನೇರ ವಿದೇಶ ವಿಮಾನ ಇಲ್ಲ, ಇಮಿಗ್ರೇಶನ್ ಏನಿದ್ದರೂ ನೀವು ದೇಶ ಬಿಡುವ ನಿಲ್ದಾಣದಲ್ಲೇ.

ಚಿಕ್ಕ ನಿಲ್ದಾಣ ತಾನೆ, ಅರ್ಧ ಗಂಟೆ ಮೊದಲು ಹೋದರೆ ಸಾಲದೇ?

ಸಾಲದು. ಕ್ಯೂ ಚಿಕ್ಕದಿದ್ದರೂ ಕೌಂಟರ್ ಮುಚ್ಚುವ ಹೊತ್ತು ದೊಡ್ಡ ನಿಲ್ದಾಣದ್ದೇ. ಇಂಡಿಗೋದಂತಹ ಕಂಪನಿಗಳು ಹೊರಡುವ 60 ನಿಮಿಷ ಮುಂಚೆ ಚೆಕ್-ಇನ್ ಮುಚ್ಚುತ್ತವೆ, 25 ನಿಮಿಷ ಮುಂಚೆ ಗೇಟ್ ಮುಚ್ಚುತ್ತವೆ. ನಿಮ್ಮ ಟಿಕೆಟ್ಟಿನಲ್ಲಿ ಬರೆದಿರುವುದೇ ಅಂತಿಮ. ಒಂದೂವರೆ ಗಂಟೆ ಮೊದಲು ಬಾಗಿಲಲ್ಲಿದ್ದರೆ ಆರಾಮ. ಬೆಂಗಳೂರಿನಲ್ಲಿ ಬೆಳಗಿನ ವಿಮಾನ ತಪ್ಪಿದರೆ ಮಧ್ಯಾಹ್ನ ಇನ್ನೊಂದು ಸಿಗುತ್ತದೆ, ಇಲ್ಲಿ ಮುಂದಿನದು ನಾಳೆಯೇ ಇರಬಹುದು.

ವಾರಾಂತ್ಯದಲ್ಲಿ ಊಟಿಗೆ ಹೊರಟ ಬೆಂಗಳೂರಿನ ಕಾರುಗಳೆಲ್ಲ ಇದೇ ನಂಜನಗೂಡು ರಸ್ತೆಯಲ್ಲಿರುತ್ತವೆ. ನಂಜನಗೂಡಿನ ದೊಡ್ಡ ಜಾತ್ರೆಯ ಪಂಚರಥೋತ್ಸವದ ದಿನವೂ ಹಾಗೆಯೇ. ಜಂಬೂಸವಾರಿ ದಿನ ನಗರದೊಳಗಿನ ರಸ್ತೆಗಳು ಬೆಳಗಿನಿಂದಲೇ ಬಂದ್. ಆ ದಿನ ವಿಮಾನ ಇದ್ದವರು ಹೊರವರ್ತುಲ ರಸ್ತೆ ಬಿಟ್ಟು ಬೇರೆ ಯೋಚನೆ ಮಾಡಬೇಡಿ.

ಯಾವ ಗುರುತಿನ ಚೀಟಿ ಬೇಕು?

ಆಧಾರ್, ಮತದಾರರ ಚೀಟಿ, ಚಾಲನಾ ಪರವಾನಗಿ, ಪ್ಯಾನ್, ಪಾಸ್‌ಪೋರ್ಟ್, ಇವುಗಳಲ್ಲಿ ಒಂದರ ಮೂಲಪ್ರತಿ. ಡಿಜಿಲಾಕರ್ ಅಥವಾ ಎಂ-ಆಧಾರ್ ಆ್ಯಪ್‌ನಲ್ಲಿ ತೋರಿಸಿದರೂ ನಡೆಯುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಮಗ ಕಳಿಸಿದ ಫೋಟೊ ನಡೆಯುವುದಿಲ್ಲ. ಟಿಕೆಟ್ಟಿನಲ್ಲಿ ‘ಎಂ. ಎಸ್. ಶಿವಣ್ಣ’ ಎಂದಿದ್ದು ಆಧಾರ್‌ನಲ್ಲಿ ಇನಿಷಿಯಲ್ ಬಿಡಿಸಿ ಬರೆದಿರುವುದು ನಮ್ಮ ಕಡೆ ಮಾಮೂಲು ತೊಂದರೆ. ಟಿಕೆಟ್ ಮಾಡುವಾಗಲೇ ಆಧಾರ್‌ನಲ್ಲಿ ಇರುವಂತೆಯೇ ಹೆಸರು ಹಾಕಿಸಿ. ಎರಡು ವರ್ಷದೊಳಗಿನ ಮಗುವಿದ್ದರೆ ಜನನ ಪ್ರಮಾಣಪತ್ರ ಜೊತೆಗಿರಲಿ, ಕಂಪನಿಯವರು ವಯಸ್ಸಿನ ದಾಖಲೆ ಕೇಳುತ್ತಾರೆ.

ಲಗೇಜ್ ಎಷ್ಟು? ಟ್ರಾಲಿ ಬ್ಯಾಗ್ ಒಳಗೆ ಒಯ್ಯಬಹುದೇ?

ಸಾಮಾನ್ಯ ಟಿಕೆಟ್ಟಿಗೆ ಚೆಕ್-ಇನ್ 15 ಕೆ.ಜಿ., ಕೈಯಲ್ಲಿ ಒಂದೇ ಬ್ಯಾಗ್, ಇಂಡಿಗೋದಲ್ಲಿ 7 ಕೆ.ಜಿ. ತನಕ. ಎಟಿಆರ್‌ನಲ್ಲಿ ತಲೆಯ ಮೇಲಿನ ಗೂಡು ಚಿಕ್ಕದು. ಏರ್‌ಬಸ್‌ನಲ್ಲಿ ಸಲೀಸಾಗಿ ಕೂರುವ ಗಟ್ಟಿ ಟ್ರಾಲಿ ಇಲ್ಲಿ ಕೂರದೆ ಹೋಗಬಹುದು. ಆಗ ವಿಮಾನದ ಬುಡದಲ್ಲೇ ತೆಗೆದುಕೊಂಡು ಕೆಳಗಿನ ಲಗೇಜಿಗೆ ಸೇರಿಸುತ್ತಾರೆ. ಆದ್ದರಿಂದ ಒಡವೆ, ಮಾತ್ರೆ, ಲ್ಯಾಪ್‌ಟಾಪ್, ಮನೆ ಬೀಗದ ಕೈ ಇವನ್ನು ಒಂದು ಬಟ್ಟೆ ಚೀಲದಲ್ಲಿ ಬೇರೆಯಾಗಿಟ್ಟು ಟ್ರಾಲಿಯೊಳಗೆ ಇಟ್ಟಿರಿ. ಕೇಳಿದ ಕೂಡಲೇ ಚೀಲ ಎಳೆದುಕೊಂಡು ಟ್ರಾಲಿ ಒಪ್ಪಿಸಬಹುದು. ರೇಷ್ಮೆ ಸೀರೆಯಂತಹ ಬೆಲೆಬಾಳುವ ಸಾಮಾನನ್ನು ಚೆಕ್-ಇನ್ ಲಗೇಜಿಗೆ ಹಾಕಲೇಬೇಡಿ.

ಮೈಸೂರು ಪಾಕ್, ಬೆಲ್ಲ, ತುಪ್ಪ, ಮಡಿಲಕ್ಕಿ?

ಮೈಸೂರು ಪಾಕ್ ಮತ್ತು ಮಂಡ್ಯದ ಅಚ್ಚು ಬೆಲ್ಲ ಕೈಚೀಲದಲ್ಲೇ ಹೋಗುತ್ತವೆ. ಒಂದೇ ಕಿರಿಕಿರಿ ಎಂದರೆ ಇಟ್ಟಿಗೆಯಂತೆ ಗಟ್ಟಿಯಾದ, ಒತ್ತಾದ ತಿಂಡಿ ಎಕ್ಸ್-ರೇ ಪರದೆಯಲ್ಲಿ ಒಂದು ದಟ್ಟ ಮುದ್ದೆಯಾಗಿ ಕಾಣುತ್ತದೆ. ಒಳಗೇನಿದೆ ಎಂದು ತೆರೆಸಿ ನೋಡುತ್ತಾರೆ. ಬಟ್ಟೆಯ ಕೆಳಗೆ ಹುದುಗಿಸದೆ ಮೇಲೆಯೇ ಇಟ್ಟರೆ ಎರಡು ನಿಮಿಷದಲ್ಲಿ ಮುಗಿಯುತ್ತದೆ. ಬಿಸಿ ಮೈಸೂರು ಪಾಕ್ ಕಟ್ಟಿಸಬೇಡಿ, ತುಪ್ಪ ಬಿಟ್ಟುಕೊಂಡು ಡಬ್ಬಿಯೆಲ್ಲ ಒದ್ದೆ.

ತುಪ್ಪ, ಉಪ್ಪಿನಕಾಯಿ ಚೆಕ್-ಇನ್ ಲಗೇಜಿಗೆ. ಸ್ಟೀಲ್ ಡಬ್ಬಿಯ ಮುಚ್ಚಳಕ್ಕೆ ಟೇಪ್ ಸುತ್ತಿ, ಎರಡು ಪ್ಲಾಸ್ಟಿಕ್ ಕವರ್ ಹಾಕಿ, ನಡುವೆ ಹಳೆ ಟವೆಲ್ ಇಡಿ. ಈಳಿಗೆ ಮಣೆ, ಕತ್ತಿ, ಅಡಕತ್ತರಿಯೂ ಚೆಕ್-ಇನ್‌ಗೇ.

ಮಡಿಲಕ್ಕಿಯಲ್ಲಿ ಜನ ಎಡವುವುದು ಕೊಬ್ಬರಿ ಬಟ್ಟಲಿನಲ್ಲಿ. ಅಕ್ಕಿ, ಬೆಲ್ಲ, ಎಲೆ ಅಡಿಕೆಗೆ ತಕರಾರಿಲ್ಲ. ಒಣ ಕೊಬ್ಬರಿಯಲ್ಲಿ ಎಣ್ಣೆಯಂಶ ಬಹಳ, ಗಾಳಿಯಾಡದ ಕಡೆ ತಾನಾಗಿಯೇ ಬಿಸಿಯಾಗುತ್ತದೆ. ಹಾಗಾಗಿ ವಿಮಾನಯಾನದ ನಿಯಮದಲ್ಲಿ ಅದು ಅಪಾಯಕಾರಿ ಸರಕಿನ ಪಟ್ಟಿಯಲ್ಲಿದೆ. ಮುತ್ತೈದೆಯರು ಕೊಟ್ಟದ್ದನ್ನು ಕೌಂಟರಿನಲ್ಲಿ ಬಿಟ್ಟುಬರಲು ಮನಸ್ಸು ಒಪ್ಪುವುದಿಲ್ಲ. ಕೊಬ್ಬರಿಯನ್ನು ಮನೆಯಲ್ಲೇ ತೆಗೆದಿರಿಸಿ ಹೊರಡುವುದು ಲೇಸು. ಕರ್ಪೂರ, ಬೆಂಕಿಪೊಟ್ಟಣ, ಲೈಟರ್ ಕೈಚೀಲದಲ್ಲೂ ಇಲ್ಲ, ಚೆಕ್-ಇನ್‌ನಲ್ಲೂ ಇಲ್ಲ. ಪೂಜೆ ಚೀಲದಲ್ಲಿ ಇವು ಸಾಮಾನ್ಯವಾಗಿ ಮೂಲೆಯಲ್ಲಿ ಅಡಗಿರುತ್ತವೆ, ಒಮ್ಮೆ ಕೊಡವಿ ನೋಡಿ.

ಶಬರಿಮಲೆಗೆ ಹೋಗುವವರ ಇರುಮುಡಿಯ ತೆಂಗಿನಕಾಯಿ ಬೇರೆ ಮಾತು. 2024ರ ಅಕ್ಟೋಬರ್‌ನಲ್ಲಿ ಅದನ್ನು ಕೈಚೀಲದಲ್ಲಿ ಒಯ್ಯಲು ವಿಶೇಷ ಅನುಮತಿ ಕೊಟ್ಟರು, 2025ರ ಜನವರಿ 20ರವರೆಗೆ. ಇಂಥ ಅನುಮತಿ ಆಯಾ ಋತುವಿಗಷ್ಟೇ ಅನ್ವಯ, ಮಾಲೆ ಹಾಕಿದ ವರ್ಷ ಕಂಪನಿಯನ್ನು ಕೇಳಿಯೇ ಹೊರಡಿ.

ಪವರ್ ಬ್ಯಾಂಕ್?

ಕೈಚೀಲದಲ್ಲಿ ಮಾತ್ರ. ಮಿತಿ 100 ವ್ಯಾಟ್-ಅವರ್. ಡಬ್ಬಿಯ ಮೇಲಿನ ಎಂಎಎಚ್ ಅಂಕಿಯನ್ನು 3.7ರಿಂದ ಗುಣಿಸಿ 1,000ದಿಂದ ಭಾಗಿಸಿ: 20,000 ಎಂಎಎಚ್ ಅಂದರೆ 74, ಸರಿ. 30,000 ಅಂದರೆ 111, ಕಂಪನಿಯ ಒಪ್ಪಿಗೆ ಬೇಕು. ಅಂಕಿ ಅಳಿಸಿಹೋಗಿದ್ದರೆ ತೆಗೆದಿಟ್ಟುಕೊಳ್ಳುತ್ತಾರೆ.

ಅಮ್ಮನಿಗೆ ಮಂಡಿ ನೋವು. ಮೆಟ್ಟಿಲು ಹತ್ತಬೇಕೇ?

ಇಲ್ಲಿ ಟರ್ಮಿನಲ್ಲಿನಿಂದ ನೇರ ವಿಮಾನಕ್ಕೆ ಸೇತುವೆ ಇಲ್ಲ. ಅಂಗಳದಲ್ಲಿ ನಡೆದು ಹೋಗಿ ಎಟಿಆರ್‌ನ ಹಿಂಬದಿಯ ಬಾಗಿಲಿನಿಂದ ಹತ್ತಬೇಕು. ಬಾಗಿಲೇ ಬಿಚ್ಚಿಕೊಂಡು ಮೆಟ್ಟಿಲಾಗುತ್ತದೆ. ಮೆಟ್ಟಿಲು ಕೆಲವೇ ಇದ್ದರೂ ಕಡಿದು. ಗಾಲಿಕುರ್ಚಿಯನ್ನು ಟಿಕೆಟ್ ಮಾಡುವಾಗಲೇ, ತಡವೆಂದರೆ 48 ಗಂಟೆ ಮೊದಲು ಕೇಳಿ. ಕೇಳುವಾಗ ‘ಗಾಲಿಕುರ್ಚಿ ಬೇಕು’ ಎಂದಷ್ಟೇ ಹೇಳಿದರೆ ಸಾಲದು, ಮೆಟ್ಟಿಲು ಹತ್ತಬಲ್ಲರೇ ಇಲ್ಲವೇ ಎಂದೂ ಹೇಳಿ, ಏಕೆಂದರೆ ಎರಡಕ್ಕೂ ವ್ಯವಸ್ಥೆ ಬೇರೆ. ಹತ್ತುವ ಬಾಗಿಲು ಹಿಂದಿರುವುದರಿಂದ ಹಿಂಬದಿಯ ಸೀಟು ಹಿಡಿದರೆ ಒಳಗೆ ನಡೆಯುವುದೂ ಕಡಿಮೆ.

ಅಂಗಳದಲ್ಲಿ ಸಿಬ್ಬಂದಿ ತೋರಿಸಿದ ಗೆರೆಯೊಳಗೇ ನಡೆಯಿರಿ. ತಿರುಗುತ್ತಿರುವ ಫ್ಯಾನ್ ಕಣ್ಣಿಗೆ ಕಾಣುವುದಿಲ್ಲ, ಸೆಲ್ಫಿಗೆಂದು ಪಕ್ಕಕ್ಕೆ ಸರಿಯುವ ಜಾಗ ಅದಲ್ಲ.

ವಿಮಾನ ತಡವಾದರೆ, ರದ್ದಾದರೆ ಏನು ಸಿಗುತ್ತದೆ?

ಇಲ್ಲಿಂದ ಹೊರಡುವವು ಎರಡೂವರೆ ಗಂಟೆಯೊಳಗಿನ ಹಾರಾಟಗಳು. ಇವು 2 ಗಂಟೆ ತಡವಾದರೆ ತಿಂಡಿ, ಊಟ ಕೊಡಬೇಕೆಂಬುದು ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎಯ ನಿಯಮ. 6 ಗಂಟೆಗಿಂತ ಹೆಚ್ಚು ತಡವಾದರೆ ಬೇರೆ ವಿಮಾನ ಅಥವಾ ಪೂರ್ತಿ ದುಡ್ಡು, ಆಯ್ಕೆ ನಿಮ್ಮದು. 24 ಗಂಟೆ ಮುಂಚಿತವಾಗಿಯೂ ತಿಳಿಸದೆ ರದ್ದು ಮಾಡಿದರೆ ಟಿಕೆಟ್ ದುಡ್ಡಿನ ಜೊತೆಗೆ ಪರಿಹಾರ: ಒಂದು ಗಂಟೆವರೆಗಿನ ಹಾರಾಟಕ್ಕೆ ₹5,000, ಒಂದರಿಂದ ಎರಡು ಗಂಟೆಯದಕ್ಕೆ ₹7,500, ಇಲ್ಲವೇ ಮೂಲ ದರ ಮತ್ತು ಇಂಧನ ಶುಲ್ಕ, ಯಾವುದು ಕಡಿಮೆಯೋ ಅದು. ಮಂಜು, ಮಳೆಯಂತಹ ಕಾರಣಕ್ಕೆ ಪರಿಹಾರ ಇಲ್ಲ, ಟಿಕೆಟ್ ದುಡ್ಡು ಇದೆ.

ಅದಕ್ಕಿಂತ ಉಪಯೋಗದ ಮಾತು: ರದ್ದು ಎಂದ ಕೂಡಲೇ ‘ರೀಫಂಡ್’ ಒತ್ತಬೇಡಿ. ಒತ್ತಿದರೆ ಕಂಪನಿಯ ಹೊಣೆ ಅಲ್ಲಿಗೆ ಮುಗಿಯಿತು. ಅದೇ ದಿನ ಬೆಂಗಳೂರಿನಿಂದ ಸೀಟು ಕೊಡುತ್ತೀರಾ, ಅಲ್ಲಿಯವರೆಗಿನ ಗಾಡಿ ಯಾರದು ಎಂದು ಮೊದಲು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ದೇವನಹಳ್ಳಿಗೆ ಇಲ್ಲಿಂದ ನಾಲ್ಕು ಗಂಟೆ ಇಟ್ಟುಕೊಳ್ಳಬೇಕು. ಕೆಎಸ್‌ಆರ್‌ಟಿಸಿಯ ಫ್ಲೈಬಸ್ ಮೈಸೂರಿನಿಂದ ನೇರ ಅಲ್ಲಿಗೇ ಹೋಗುತ್ತದೆ. ಕೊಡಗಿಗೆ ಹತ್ತಿರದವರು ಕಣ್ಣೂರು ನಿಲ್ದಾಣವನ್ನೂ ಲೆಕ್ಕಕ್ಕೆ ತಗೊಳ್ಳಬಹುದು. ಚೆನ್ನೈಗಾದರೆ ವಂದೇ ಭಾರತ್ ರೈಲು ಇದೆ.

ಲಗೇಜ್ ಬರಲಿಲ್ಲ ಅಥವಾ ಒಡೆದು ಬಂತು.

ಬೆಲ್ಟಿನ ಹಾಲ್ ಬಿಟ್ಟು ಹೊರಗೆ ಬರಬೇಡಿ. ಅಲ್ಲೇ ಪಿಐಆರ್ ಎಂಬ ದೂರು ಬರೆಸಿ, ಅದರ ಸಂಖ್ಯೆ ಪಡೆಯಿರಿ, ಟ್ಯಾಗಿನ ಚೂರನ್ನು ಜೋಪಾನ ಮಾಡಿ. ಒಳಗಿನ ಸಾಮಾನು ಹಾಳಾದದ್ದು ಮನೆಗೆ ಬಂದ ಮೇಲೆ ತಿಳಿದರೆ 7 ದಿನದೊಳಗೆ ಲಿಖಿತ ದೂರು ಕೊಡಬೇಕು. ಕಂಪನಿ ಸುಮ್ಮನಿದ್ದರೆ ವಿಮಾನಯಾನ ಸಚಿವಾಲಯದ ಏರ್‌ಸೇವಾ ಪೋರ್ಟಲ್‌ನಲ್ಲಿ ದೂರು ಕೊಡಿ.

ಸಂಜೆ ಇಳಿದು ಅದೇ ರಾತ್ರಿ ಊಟಿ ಅಥವಾ ವಯನಾಡಿಗೆ ಹೋಗಬಹುದೇ?

ಬಂಡೀಪುರದೊಳಗಿನ ಎರಡೂ ಹೆದ್ದಾರಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. ಊಟಿ ಕಡೆ ಮೇಲುಕಾಮನಹಳ್ಳಿ, ವಯನಾಡ್ ಕಡೆ ಮದ್ದೂರು ಚೆಕ್‌ಪೋಸ್ಟನ್ನು 9ರೊಳಗೆ ದಾಟಿರಬೇಕು. ಈ ಮದ್ದೂರು ಗುಂಡ್ಲುಪೇಟೆ ಕಡೆಯದು, ವಡೆಯ ಮದ್ದೂರಲ್ಲ. ವಿಮಾನ 7ರ ನಂತರ ಇಳಿದರೆ ಮೈಸೂರಿನಲ್ಲೇ ತಂಗಿ. ವಯನಾಡಿಗೆ ಹೋಗಲೇಬೇಕೆಂದರೆ ಹುಣಸೂರು, ಗೋಣಿಕೊಪ್ಪ, ಕುಟ್ಟ ದಾರಿ ಇದೆ, ಸುತ್ತು ಹೆಚ್ಚು. ಎಚ್.ಡಿ. ಕೋಟೆ, ಬಾವಲಿ ದಾರಿ ಇನ್ನೂ ಬೇಗ, ಸಂಜೆ 6ಕ್ಕೇ ಮುಚ್ಚುತ್ತದೆ. ನೀಲಗಿರಿಗೆ ಹೋಗುವ ಹೊರರಾಜ್ಯದ ಗಾಡಿಗೆ ಇ-ಪಾಸ್ ಬೇಕೆಂಬ ನಿಯಮ 2024ರ ಮೇ 7ರಿಂದ ಬಂದಿದೆ, ಗಾಡಿ ಹೇಳುವಾಗಲೇ ಚಾಲಕರಿಗೆ ನೆನಪಿಸಿ.

ಹತ್ತಿರದಲ್ಲಿ ಸೈಟ್ ಇದೆ. ಎಷ್ಟು ಎತ್ತರ ಕಟ್ಟಬಹುದು?

ಇದನ್ನು ಮಹಡಿ ಲೆಕ್ಕದಲ್ಲಿ ಹೇಳಲಾಗದು. ನಿಲ್ದಾಣದ ಸುತ್ತ 4 ಕಿ.ಮೀ. ಒಳಗೆ ನಿಲ್ದಾಣದ ಮಟ್ಟಕ್ಕಿಂತ 45 ಮೀಟರ್ ಮೇಲಕ್ಕೆ ಒಂದು ಕಾಣದ ಚಾವಣಿ ಇದೆ ಎಂದುಕೊಳ್ಳಿ. ರನ್‌ವೇಯ ನೇರದಲ್ಲಿ, ಅದರ ಮಗ್ಗುಲಲ್ಲಿ ಚಾವಣಿ ಇನ್ನೂ ತಗ್ಗು. ಎತ್ತರವನ್ನು ಅಳೆಯುವುದು ನಿಮ್ಮ ನೆಲದಿಂದಲ್ಲ, ಸಮುದ್ರಮಟ್ಟದಿಂದ. ದಿಬ್ಬದ ಮೇಲಿನ ಸೈಟಿಗೆ ಅದಕ್ಕೇ ಕಡಿಮೆ ಮಹಡಿ. ಸೈಟಿನ ಅಕ್ಷಾಂಶ, ರೇಖಾಂಶ ಮತ್ತು ಸಮುದ್ರಮಟ್ಟದಿಂದ ಎತ್ತರವನ್ನು ಸರ್ವೇಯರ್ ಕೈಲಿ ಬರೆಸಿಕೊಂಡು, ವಿಮಾನ ನಿಲ್ದಾಣ ಪ್ರಾಧಿಕಾರದ ‘ನೋಕಾಸ್’ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಬಣ್ಣದ ವಲಯ ನಕ್ಷೆಯಲ್ಲಿ ತೋರಿಸಿದ ಮಿತಿಗಿಂತ ಕೆಳಗಿದ್ದರೆ ಸ್ಥಳೀಯ ಸಂಸ್ಥೆಯೇ ಒಪ್ಪಿಗೆ ಕೊಡಬಹುದು. ಜನ ಮರೆಯುವುದು ನೀರಿನ ಟ್ಯಾಂಕ್, ಲಿಫ್ಟ್ ಕೋಣೆ ಮತ್ತು ಮಿಂಚುಕಂಬಿ. ಇವೂ ಕಟ್ಟಡದ ಎತ್ತರದಲ್ಲೇ ಸೇರುತ್ತವೆ.

ಮದುವೆ ವಿಡಿಯೊಗೆ ಡ್ರೋನ್ ಹಾರಿಸಬಹುದೇ?

ನಿಲ್ದಾಣದ ಗಡಿಯಿಂದ 8 ಕಿ.ಮೀ. ಒಳಗೆ ಅನುಮತಿ ಇಲ್ಲದೆ ಇಲ್ಲ. ಚಾಮುಂಡಿ ಬೆಟ್ಟವೂ ಇದರೊಳಗೇ ಬರುತ್ತದೆ. 8ರಿಂದ 12 ಕಿ.ಮೀ. ನಡುವೆ 200 ಅಡಿಯವರೆಗೆ ಹಾರಿಸಬಹುದು, ಅದರ ಮೇಲಕ್ಕೆ ಅನುಮತಿ ಬೇಕು. ಡ್ರೋನ್ ವಲಯಗಳನ್ನು ತೋರಿಸುವ ಸರಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಛತ್ರದ ಜಾಗ ಒತ್ತಿ ನೋಡಿ. ಮುಂಗಡ ಕೊಡುವ ಮುನ್ನ ಆ ನಕ್ಷೆಯನ್ನು ಫೋಟೊಗ್ರಾಫರ್ ಕೈಲೇ ತೆರೆಸಿ.